ಅವರ ಪಟ್ಟಿಯಲ್ಲಿದ್ದದ್ದು ಐದೇ ಸಾಲು

"ನನ್ನ ಸ್ಟ್ಯಾಂಡರ್ಡ್ಸ್ ಜಾಸ್ತಿಯಂತೆ. ಅಮ್ಮನೂ ಅದನ್ನೇ ಹೇಳ್ತಾರೆ, ಚರ್ಚಿನ ಪಾದ್ರಿಯೂ ಅದನ್ನೇ ಹೇಳ್ತಾರೆ."

ಅಮೆರಿಕದ ಅಟ್ಲಾಂಟಾದಲ್ಲಿ ಆಪ್ತಸಲಹೆಗಾರ್ತಿಯಾಗಿರುವ ನನಗೆ ಈ ಮಾತು ಬಾಯಿಪಾಠ. ಹೇಳುವವರು ಮೂವತ್ತೈದು ದಾಟಿದ, ಇನ್ನೂ ಜೋಡಿ ಸಿಗದ ಕಪ್ಪುವರ್ಣೀಯ ಹೆಣ್ಣುಮಕ್ಕಳು. ನರ್ಸ್, ವಕೀಲೆ, ಶಾಲೆಯ ಪ್ರಿನ್ಸಿಪಾಲ್. (ಇಲ್ಲಿ ಬರೆದಿರುವುದು ಯಾರೊಬ್ಬರ ಕಥೆಯೂ ಅಲ್ಲ, ಹಲವರ ಮಾತು ಕಲಸಿದ್ದು.)

ಗಂಡನಾಗುವವನು ಹೇಗಿರಬೇಕು ಅನ್ನೋ ಪಟ್ಟಿ ಬರೆದು ತೋರಿಸಿ ಅನ್ನುತ್ತೇನೆ. ಬರೆಯುತ್ತಾರೆ. ಕೆಲಸ ಇರಬೇಕು. ಡಿಗ್ರಿ ಆಗಿರಬೇಕು. ಸುಳ್ಳು ಹೇಳಬಾರದು. ದೇವರಲ್ಲಿ ನಂಬಿಕೆ ಇರಬೇಕು. ನನ್ನ ಸಂಬಳ ಕೇಳಿ ಮುಖ ಸಣ್ಣ ಮಾಡಬಾರದು. ಅಷ್ಟೇ. 'ಆರಡಿ ಎತ್ತರ' ಅಂತ ಬರೆದು, ತಾವೇ ನಕ್ಕು ಹೊಡೆದುಹಾಕಿದವರೂ ಇದ್ದಾರೆ.

ಇದು ಜಾಸ್ತಿಯಾ? ಮೊದಲ ವರ್ಷಗಳಲ್ಲಿ ನಾನೂ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದುಬಿಟ್ಟಿದ್ದೆ. ಹಾಸನದ ಕಡೆಯವಳು, ನಮ್ಮೂರಲ್ಲಿ ಎಲ್ಲದಕ್ಕೂ ಅದೇ ಔಷಧಿ ಅಲ್ವಾ! ಎದುರಿಗೆ ಕೂತವರು ಕೇಳಿದರು, "ಯಾವುದನ್ನು ಬಿಡಲಿ? ಸುಳ್ಳು ಹೇಳಬಾರದು ಅನ್ನೋದನ್ನಾ?" ಆಮೇಲೆ ಆ ಮಾತು ನನ್ನ ಬಾಯಿಂದ ಬಂದಿಲ್ಲ.

ಪಟ್ಟಿಗಿಂತ ಮೊದಲು ತಲೆ ಎಣಿಸಬೇಕು. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ಲೆಕ್ಕ ಹಾಕಿತ್ತು. 25ರಿಂದ 54 ವಯಸ್ಸಿನೊಳಗೆ, ಜೈಲಿನ ಹೊರಗಿರುವ 100 ಕಪ್ಪುವರ್ಣೀಯ ಹೆಂಗಸರಿಗೆ ಗಂಡಸರು 83. ಬಿಳಿಯರಲ್ಲಿ 99. ಮಿಕ್ಕವರೆಲ್ಲಿ? ಬಹಳಷ್ಟು ಜನ ಜೈಲಿನಲ್ಲಿ, ಇಲ್ಲವೇ ಚಿಕ್ಕ ವಯಸ್ಸಿಗೇ ಮಣ್ಣಿನಲ್ಲಿ.

ಜೈಲಿನ ಹಿಂದೆ ಕಾನೂನಿನ ಕೈಯೂ ಇದೆ. 1986ರ ಮಾದಕವಸ್ತು ಕಾನೂನಿನಲ್ಲಿ ಐದು ಗ್ರಾಂ ಕ್ರ್ಯಾಕ್ (ಕೊಕೇನಿನದ್ದೇ ಗಟ್ಟಿ ರೂಪ) ಸಿಕ್ಕರೆ ಕನಿಷ್ಠ ಐದು ವರ್ಷ ಸಜೆ. ಪುಡಿ ಕೊಕೇನ್ ಆದರೆ ಅದೇ ಸಜೆಗೆ ಅರ್ಧ ಕಿಲೋ ಬೇಕಿತ್ತು. ಕ್ರ್ಯಾಕ್ ಕೇಸಿನಲ್ಲಿ ಒಳಗೆ ಹೋದವರಲ್ಲಿ ಹೆಚ್ಚಿನವರು ಕಪ್ಪುವರ್ಣೀಯರು. 2010ರಲ್ಲಿ ಈ ಅಂತರ ಕಮ್ಮಿ ಮಾಡಿದರು. ಅಷ್ಟರಲ್ಲಿ ಎಷ್ಟೋ ಹುಡುಗರ ಮದುವೆ ವಯಸ್ಸು ಒಳಗೇ ಕಳೆದಿತ್ತು.

ಓದಿನ ಲೆಕ್ಕವೂ ಬಿಗಿ. ಕಪ್ಪುವರ್ಣೀಯರು ಪಡೆಯುವ ಪದವಿಗಳಲ್ಲಿ ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳದ್ದೇ.

ಬೇರೆ ಜನಾಂಗದವರನ್ನು ಮದುವೆಯಾಗಬಹುದಲ್ಲ, ಅಂತೀರಿ. ಮಿಶ್ರ ಮದುವೆಗಿದ್ದ ತಡೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ತೆಗೆದುಹಾಕಿದೆ. ಆದರೂ ಪ್ಯೂ ಎಂಬ ಸಮೀಕ್ಷಾ ಸಂಸ್ಥೆಯ ವರದಿ ಪ್ರಕಾರ, 2015ರಲ್ಲಿ ಹೊಸದಾಗಿ ಮದುವೆಯಾದ ಕಪ್ಪುವರ್ಣೀಯ ಗಂಡಸರಲ್ಲಿ ಶೇ 24 ಮಂದಿ ಹೊರಗಿನವರನ್ನು ಮದುವೆಯಾದರು. ಹೆಂಗಸರಲ್ಲಿ ಶೇ 12. ಓಕೆಕ್ಯುಪಿಡ್ ಡೇಟಿಂಗ್ ತಾಣ 2009ರಲ್ಲಿ ತನ್ನದೇ ಸದಸ್ಯರ ಲೆಕ್ಕ ಬಿಚ್ಚಿಟ್ಟಿತು. ಹೆಂಗಸರ ಪೈಕಿ, ಬಂದ ಸಂದೇಶಕ್ಕೆ ಅತಿ ಹೆಚ್ಚು ಉತ್ತರ ಕೊಡುತ್ತಿದ್ದವರು ಕಪ್ಪುವರ್ಣೀಯರು. ತಾವು ಬರೆದಾಗ ಅತಿ ಕಮ್ಮಿ ಉತ್ತರ ಸಿಗುತ್ತಿದ್ದದ್ದೂ ಅವರಿಗೇ. ಹುಡುಗಿ ನೋಡಲು ಬಂದು "ಬಣ್ಣ ಸ್ವಲ್ಪ ಕಮ್ಮಿ" ಅನ್ನುವುದನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಇಷ್ಟು ಹೇಳಿದ ಮೇಲೂ ಪಟ್ಟಿಯನ್ನು ಒಟ್ಟಿಗೆ ಕೂತು ನೋಡುತ್ತೇವೆ. ಕೆಲವು ಸಾಲು ನೋವಿನಿಂದ ಕಲಿತದ್ದು. ಅದನ್ನು ಮುಟ್ಟುವುದಿಲ್ಲ. ಇನ್ನು ಕೆಲವು ಸುಮ್ನೆ ನೆಂಟರಿಗೆ ತೋರಿಸಲು ಬರೆದದ್ದು. ಎಲ್ಲರಿಗೂ ಜೋಡಿ ಬೇಕು ಅಂತಲೂ ಇಲ್ಲ. ನನ್ನ ಕ್ಲೈಂಟ್ ಒಬ್ಬರಿಗೆ ಒಂಟಿತನ ಕಷ್ಟವೇ ಆಗಿರಲಿಲ್ಲ, ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಯವರೆಲ್ಲ ಸೇರುವ ಊಟದಲ್ಲಿ ಅದಕ್ಕೆ ಉತ್ತರ ಕೊಡುವುದೇ ಕಷ್ಟವಾಗಿತ್ತು. ನಾವು ಆ ಉತ್ತರವನ್ನೇ ಅಭ್ಯಾಸ ಮಾಡಿದೆವು.

ಇನ್ನೊಬ್ಬರು 'ಡಿಗ್ರಿ' ಸಾಲು ಹೊಡೆದುಹಾಕಿದರು. ಈಗ ಒಬ್ಬ ಎಲೆಕ್ಟ್ರಿಷಿಯನ್ ಜೊತೆ ಕಾಫಿಗೆ ಹೋಗುತ್ತಿದ್ದಾರೆ. ಆ ಜಾಗದಲ್ಲಿ ಹೊಸ ಸಾಲು ಬಂದಿದೆ: ರಾತ್ರಿ ಗುಂಗುರು ಕೂದಲು ಕೆಡದಿರಲಿ ಅಂತ ಸ್ಯಾಟಿನ್ ಟೋಪಿ ಹಾಕಿಕೊಂಡರೆ ನಗಬಾರದು.