ಮೊದಲು ಹಿಡಿದಿಡಿ, ಆಮೇಲೆ ಸೋಸಿ

ಜಿರಳೆಯ ಕಾಲಿನಲ್ಲಿ ಸಾಲುಸಾಲು ಮುಳ್ಳುಗಳಿವೆ. ಮುಳ್ಳಿನ ಬುಡದಲ್ಲಿ ಸ್ಪರ್ಶ ಗ್ರಹಿಸುವ ನರಕೋಶ ಇರುತ್ತದೆ. ಹಿಡಿಸೂಡಿಯ ಕಡ್ಡಿಯಿಂದ ಮುಳ್ಳನ್ನು ಒಂಚೂರು ಬಾಗಿಸಿದರೆ ಸಾಕು, ಆ ಕೋಶ ಒಂದರ ಹಿಂದೊಂದು ವಿದ್ಯುತ್ ಮಿಡಿತಗಳನ್ನು ಕಳಿಸತೊಡಗುತ್ತದೆ. ಒಂದೊಂದು ಮಿಡಿತದ ಆಯುಸ್ಸು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಕಾಲಿಗೆ ಎರಡು ಗುಂಡುಸೂಜಿ ಚುಚ್ಚಿ ಹೊರಗಿನಿಂದ ಅಳೆದರೆ ಅದರ ಎತ್ತರ ಮೈಕ್ರೋವೋಲ್ಟುಗಳ ಲೆಕ್ಕದಲ್ಲಿ ಸಿಗುತ್ತದೆ. ನೂರು ಮೈಕ್ರೋವೋಲ್ಟ್ ಎಂದಿಟ್ಟುಕೊಳ್ಳಿ. ಅದೇ ಕೋಣೆಯ ಗೋಡೆಯೊಳಗೆ 230 ವೋಲ್ಟಿನ ತಂತಿ ಓಡಿದೆ. ಅಂದರೆ ನಮಗೆ ಬೇಕಾದದ್ದಕ್ಕಿಂತ 23 ಲಕ್ಷ ಪಟ್ಟು ದೊಡ್ಡದು.

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಶಾಲೆಗಳಲ್ಲಿ ಈ ಪ್ರಯೋಗ ಮಾಡಿ ತೋರಿಸಲಿಕ್ಕೆ ದೊಡ್ಡ ಸರಂಜಾಮು ಬೇಡ. ಐಸುನೀರಿನಲ್ಲಿ ಮರಗಟ್ಟಿಸಿದ ಜಿರಳೆಯ ಒಂದು ಕಾಲು, ಎರಡು ಸೂಜಿ, ಅಂಗೈಯಗಲದ ಒಂದು ಆಂಪ್ಲಿಫೈಯರ್, ಒಂದು ಲ್ಯಾಪ್‌ಟಾಪ್. ಎಲ್ಲ ಸರಿಯಿದ್ದರೆ ಸ್ಪೀಕರಿನಲ್ಲಿ ಮಿಡಿತಗಳು ಚಟಚಟ ಕೇಳುತ್ತವೆ. ಆದರೆ ಸ್ವಿಚ್ ಹಾಕಿದ ಕೂಡಲೇ ಕೇಳುವುದು ಅದಲ್ಲ, ಇಡೀ ಕೋಣೆ ತುಂಬುವ ಗುಂಯ್ ಎಂಬ ದಪ್ಪ ಸದ್ದು. ಮಕ್ಕಳಲ್ಲೊಬ್ಬರು ಕೇಳಿಯೇ ಕೇಳುತ್ತಾರೆ: "ಇದನ್ನು ತೆಗೀಲಿಕ್ಕೆ ಒಂದು ಬಟನ್ ಇಲ್ವಾ ಮಾಷ್ಟ್ರೇ?"

ಉಂಟು. ಒಂದಲ್ಲ, ಹತ್ತಾರು ಉಂಟು. ನರವಿಜ್ಞಾನದ ರೆಕಾರ್ಡಿಂಗ್ ಸಾಫ್ಟ್‌ವೇರ್ ಯಾವುದನ್ನೇ ತೆರೆಯಿರಿ, ಹೈ-ಪಾಸ್ (ನಿಧಾನದ ಕಂಪನ ತಡೆಯುವುದು), ಲೋ-ಪಾಸ್ (ವೇಗದ್ದನ್ನು ತಡೆಯುವುದು), ಬ್ಯಾಂಡ್‌ಪಾಸ್ (ನಡುವಿನ ಪಟ್ಟಿಯನ್ನಷ್ಟೇ ಬಿಡುವುದು), ನಾಚ್ ಎಂಬ ಪೆಟ್ಟಿಗೆಗಳು ಸಾಲಾಗಿ ನಿಂತಿರುತ್ತವೆ. ಎಲ್ಲದಕ್ಕೂ ಟಿಕ್ ಹಾಕಿದರೆ ಪರದೆ ಶುಭ್ರವಾಗುತ್ತದೆ, ಮನಸ್ಸಿಗೂ ಹಿತವೆನಿಸುತ್ತದೆ. ಕಡತದಲ್ಲಿ ಉಳಿಯಬೇಕಾದದ್ದು ಕೂಡ ಆ ಶುಭ್ರವಾದ ಗೆರೆಯೇ ಎಂದುಕೊಂಡರೆ ಅಲ್ಲಿಗೆ ಕೆಲಸ ಕೆಟ್ಟಿತು. ಸೋಸಿ ಬಿಸಾಡಿದ್ದನ್ನು ಮರಳಿ ಪಡೆಯುವ ಫಿಲ್ಟರನ್ನು ಈವರೆಗೆ ಯಾರೂ ಮಾಡಿಲ್ಲ. ಸೋಸದೆ ಇಟ್ಟದ್ದನ್ನಾದರೆ ನಾಳೆಯೂ ಸೋಸಬಹುದು, ಹತ್ತು ವರ್ಷ ಬಿಟ್ಟು ಬೇರೆಯವರು ಬೇರೆ ರೀತಿಯಲ್ಲಿಯೂ ಸೋಸಬಹುದು.

ಓಪನ್ ಎಫಿಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಇಲಿ, ಹಕ್ಕಿಗಳ ಮಿದುಳಿನ ಸಂಕೇತಗಳನ್ನು ಅದರಲ್ಲಿ ದಾಖಲಿಸುತ್ತಾರೆ. ಅದರ ಪರದೆಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಪೆಟ್ಟಿಗೆ, ಸಂಕೇತ ಎಡದಿಂದ ಬಲಕ್ಕೆ ಹರಿಯುತ್ತದೆ. ಬ್ಯಾಂಡ್‌ಪಾಸ್ ಫಿಲ್ಟರಿನ ಪೆಟ್ಟಿಗೆಯನ್ನು ಎಳೆದು ತಂದಿಟ್ಟರೆ 300ರಿಂದ 6,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಎಂದು ಅದರಲ್ಲಿ ಮೊದಲೇ ತುಂಬಿರುತ್ತದೆ. ನಿಜವಾದ ಪ್ರಶ್ನೆ ಆ ಅಂಕಿಗಳದ್ದಲ್ಲ. ದಾಖಲಿಸುವ ಪೆಟ್ಟಿಗೆ, ಅಂದರೆ ರೆಕಾರ್ಡ್ ನೋಡ್, ಫಿಲ್ಟರಿನ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು. ಎಡಕ್ಕಿದ್ದರೆ ಕಡತಕ್ಕೆ ಹೋಗುವುದು ಹಸಿ ಸಂಕೇತ, ಫಿಲ್ಟರ್ ಇರುವುದು ನಮ್ಮ ಕಣ್ಣಿಗೆ ಮಾತ್ರ. ಬಲಕ್ಕಿದ್ದರೆ 300 ಹರ್ಟ್ಸಿಗಿಂತ ಕೆಳಗಿನದ್ದೆಲ್ಲ ಶಾಶ್ವತವಾಗಿ ಹೋಯಿತು. ಒಂದು ಪೆಟ್ಟಿಗೆಯನ್ನು ಒಂದಿಂಚು ಆಚೀಚೆ ಎಳೆಯುವುದರಲ್ಲಿ ಇಷ್ಟು ವ್ಯತ್ಯಾಸ.

300ರ ಕೆಳಗೆ ಅಂಥದ್ದೇನಿದೆ? ಮಿದುಳಿನೊಳಗೆ ಇಳಿಬಿಟ್ಟ ಒಂದೇ ತಂತಿಯಲ್ಲಿ ಎರಡು ಬಗೆಯ ಸುದ್ದಿ ಬರುತ್ತದೆ. ಹತ್ತಿರದ ನರಕೋಶಗಳ ಚೂಪು ಮಿಡಿತಗಳು ಬಹುಮಟ್ಟಿಗೆ ಮೇಲಿನ ಪಟ್ಟಿಯಲ್ಲಿರುತ್ತವೆ. ಸುತ್ತಲಿನ ಸಾವಿರಾರು ಕೋಶಗಳು ಒಟ್ಟಾಗಿ ಏರಿಳಿಯುವ ನಿಧಾನ ಅಲೆಗಳು ಕೆಳಗಿರುತ್ತವೆ. ನಿದ್ದೆ, ಎಚ್ಚರ, ಅಪಸ್ಮಾರದ ಸೆಳವು ಇವುಗಳ ಗುರುತೆಲ್ಲ ಹೆಚ್ಚಾಗಿ ಈ ಕೆಳಗಿನದ್ದರಲ್ಲೇ. ಇವತ್ತು ಮಿಡಿತ ಎಣಿಸಲು ಹೊರಟವನಿಗೆ ನಾಳೆ ಅಲೆ ಬೇಕಾಗಬಹುದು.

ಹಾಗಾದರೆ ಏನನ್ನೂ ಸೋಸದೆ ಕಂಪ್ಯೂಟರಿಗೆ ಕೊಟ್ಟುಬಿಡೋಣವೇ? ಅದೂ ಆಗದು. ಸಂಕೇತ ಅಂಕಿಯಾಗಿ ಮಾರ್ಪಡುವ ಮೊದಲು, ಅದಿನ್ನೂ ಅನಲಾಗ್ ಆಗಿರುವಾಗಲೇ ಆಗಬೇಕಾದ ಕೆಲಸಗಳಿವೆ.

ಮೊದಲನೆಯದು ಹಿಗ್ಗಿಸುವುದು. ಸಂಕೇತವನ್ನು ಅಂಕಿಯಾಗಿಸುವ 16 ಬಿಟ್‌ನ ಪರಿವರ್ತಕ ತನ್ನ ಅಳತೆಪಟ್ಟಿಯನ್ನು 65,536 ಮೆಟ್ಟಿಲುಗಳಾಗಿ ಕತ್ತರಿಸುತ್ತದೆ. ಪಟ್ಟಿ ಮೈನಸ್ 5ರಿಂದ ಪ್ಲಸ್ 5 ವೋಲ್ಟಿನವರೆಗೆ ಇದ್ದರೆ ಒಂದು ಮೆಟ್ಟಿಲಿಗೆ ಸುಮಾರು 150 ಮೈಕ್ರೋವೋಲ್ಟ್. ನಮ್ಮ ಮಿಡಿತವೋ ನೂರು. ಅಡಕೆ ಮೂಟೆ ತೂಗುವ ತಕ್ಕಡಿಗೆ ಮೂಗುಬೊಟ್ಟು ಹಾಕಿದ ಹಾಗೆ, ಮುಳ್ಳು ಅಲ್ಲಾಡುವುದೇ ಇಲ್ಲ. ಸಂಕೇತವನ್ನು ಮೊದಲೇ ಸಾವಿರ ಪಟ್ಟು ಹಿಗ್ಗಿಸಿದರೆ ಅದೇ ಮಿಡಿತ 650 ಮೆಟ್ಟಿಲು ಏರುತ್ತದೆ, ಆಕಾರ ಕಾಣಿಸುತ್ತದೆ. ಅಂಕಿಯಾದ ಮೇಲೆ ಸಾಫ್ಟ್‌ವೇರಿನಲ್ಲಿ ಎಷ್ಟೇ ದೊಡ್ಡದು ಮಾಡಿದರೂ ಬಾರದ ವಿವರ ಅದು. ಸಾಫ್ಟ್‌ವೇರಿನಲ್ಲಿ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ) ಎಂದು ಬರೆದಿರುವ ಜಾಗದಲ್ಲಿ ಇದು ಆಂಪ್ಲಿಫೈಯರಿನ ಗೇನೋ, ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುವ ಗೇನೋ ಎಂದು ವಿಚಾರಿಸಿಕೊಳ್ಳಬೇಕು. ಇವತ್ತಿನ ಇಂಟಾನ್ ಕಂಪನಿಯ ಚಿಪ್ಪುಗಳಲ್ಲಿ ಆಂಪ್ಲಿಫೈಯರೂ ಪರಿವರ್ತಕವೂ ಒಂದೇ ಕಡೆ ಕೂತಿವೆ, ಅಲ್ಲಿ ಒಂದು ಮೆಟ್ಟಿಲೆಂದರೆ 0.195 ಮೈಕ್ರೋವೋಲ್ಟ್. ಅಂಥದ್ದು ಕೈಯಲ್ಲಿದ್ದವರಿಗೆ ಈ ತಲೆಬಿಸಿ ಇಲ್ಲ.

ಹಿಗ್ಗಿಸುವಾಗ ಇನ್ನೊಂದು ತೊಡಕು. ಲೋಹದ ಸೂಜಿ ದೇಹದ ಉಪ್ಪುನೀರನ್ನು ಮುಟ್ಟಿದಲ್ಲೆಲ್ಲ ಪುಟ್ಟ ಬ್ಯಾಟರಿಯೇ ಹುಟ್ಟುತ್ತದೆ, ಹತ್ತಾರು ಮಿಲಿವೋಲ್ಟಿನದ್ದು. ಅದನ್ನೂ ಸಾವಿರ ಪಟ್ಟು ಹಿಗ್ಗಿಸಿದರೆ ಆಂಪ್ಲಿಫೈಯರ್ ಮೇಲಿನ ಅಂಚಿಗೆ ಹೋಗಿ ಅಂಟಿಕೊಳ್ಳುತ್ತದೆ, ಪರದೆಯಲ್ಲಿ ಒಂದು ನೆಟ್ಟನೆ ಗೆರೆ. ಅದಕ್ಕಾಗಿ ದಾರಿಯಲ್ಲೇ ಒಂದು ಕೆಪಾಸಿಟರ್ ಇಟ್ಟು ಕದಲದ ವೋಲ್ಟೇಜನ್ನು ತಡೆಯುತ್ತಾರೆ. ಇದೂ ಹೈ-ಪಾಸ್ ಫಿಲ್ಟರೇ, ಆದರೆ ಬೇಕಾದ ಫಿಲ್ಟರು.

ಇನ್ನೊಂದು ಅನಿವಾರ್ಯ ಸೋಸುವಿಕೆ ಮೇಲ್ತುದಿಯದು. ಕಂಪ್ಯೂಟರು ಅಲೆಯನ್ನು ಪೂರ್ತಿ ನೋಡುವುದಿಲ್ಲ, ಸೆಕೆಂಡಿಗೆ ಇಂತಿಷ್ಟು ಸಲ ಇಣುಕುತ್ತದೆ. ಇಣುಕುವ ವೇಗದ ಅರ್ಧಕ್ಕಿಂತ ಮೇಲಿನ ಕಂಪನ ಯಾವುದೂ ಅದಕ್ಕೆ ಸರಿಯಾಗಿ ಕಾಣಿಸದು. ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ ಹೆಸರಿನಲ್ಲಿ ಕರೆಯುವ ಈ ಮಿತಿಗೆ ಗಣಿತಜ್ಞ ಕ್ಲಾಡ್ ಶ್ಯಾನನ್ 1949ರಲ್ಲಿ ಗಣಿತದ ರುಜುವಾತು ಕೊಟ್ಟ. ಕೆಡುಕು ಏನೆಂದರೆ, ಮಿತಿ ಮೀರಿದ ಕಂಪನ ಮಾಯವಾಗುವುದಿಲ್ಲ, ವೇಷ ಹಾಕಿಕೊಂಡು ಬರುತ್ತದೆ. ಸೆಕೆಂಡಿಗೆ 1,000 ಸಲ ಇಣುಕುವಲ್ಲಿ 1,003 ಹರ್ಟ್ಸಿನ ಗಲಾಟೆ ನುಗ್ಗಿದರೆ ಕಡತದಲ್ಲಿ ಕಾಣುವುದು 3 ಹರ್ಟ್ಸಿನ ಚೆಂದದ ಅಲೆ. ಗಾಢ ನಿದ್ದೆಯಲ್ಲಿ ಮಿದುಳು ಹೊರಡಿಸುವ ಡೆಲ್ಟಾ ಅಲೆಯ ಪಟ್ಟಿಯೂ ಅದೇ. ಚಾರ್ಜರಿನ ಕಿರಿಕಿರಿಯೋ ನಿದ್ದೆಯೋ ಎಂದು ಆಮೇಲೆ ಯಾವ ಪಂಡಿತನಿಗೂ ಬಿಡಿಸಲಾಗದು. ಹಳೇ ಟ್ಯೂಬ್‌ಲೈಟಿನ ಕೆಳಗೆ ಫ್ಯಾನು ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ? ಅದರ ಹಿಂದಿರುವುದೂ ಇದೇ ಲೆಕ್ಕ. ಆದ್ದರಿಂದ ಮಿತಿಗಿಂತ ಮೇಲಿನದ್ದನ್ನು ಪರಿವರ್ತಕದ ಬಾಗಿಲಲ್ಲೇ ತಡೆಯಬೇಕು. ಮಿಡಿತ ಹಿಡಿಯುವವರು ಸೆಕೆಂಡಿಗೆ 30,000 ಸಲ ಇಣುಕುವುದು ವಾಡಿಕೆ. ಆಗ ಮಿತಿ 15,000 ಹರ್ಟ್ಸ್, ಮಿಡಿತಕ್ಕೆ ಧಾರಾಳ.

ಲ್ಯಾಪ್‌ಟಾಪಿನ ಮೈಕ್ ತೂತಿಗೇ ತಂತಿ ಸಿಕ್ಕಿಸುವ ನಮ್ಮಂಥವರಿಗೆ ಇನ್ನೂ ಕೆಲವು ಗುಪ್ತ ಫಿಲ್ಟರುಗಳು ಕಾದಿರುತ್ತವೆ. ಸೌಂಡ್ ಕಾರ್ಡ್ ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಇಣುಕುತ್ತದೆ, ಮೇಲಿನ ವೇಷಧಾರಿಗಳನ್ನು ತಾನೇ ತಡೆಯುತ್ತದೆ. ಮಿಡಿತಕ್ಕೆ ಅದು ಅಡ್ಡಿಯಿಲ್ಲ. ಆದರೆ ಅದು ಮನುಷ್ಯನ ಕಿವಿಗೆಂದು ಮಾಡಿದ್ದು. ಸುಮಾರು 20 ಹರ್ಟ್ಸಿನ ಕೆಳಗಿನದ್ದನ್ನು ಹೇಳದೆ ಕೇಳದೆ ತಗ್ಗಿಸುತ್ತದೆ. ಕಣ್ಣು ಮುಚ್ಚಿದಾಗ ಮಿದುಳಿನಲ್ಲಿ ಏಳುವ 8ರಿಂದ 13 ಹರ್ಟ್ಸಿನ ಆಲ್ಫಾ ಅಲೆಯನ್ನು ಆ ತೂತಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಸಾಲದ್ದಕ್ಕೆ ಸೌಂಡ್ ಸೆಟ್ಟಿಂಗಿನೊಳಗೆ ಗದ್ದಲ ತಗ್ಗಿಸುವುದು, ಗೇನನ್ನು ತಾನಾಗಿ ಹೊಂದಿಸುವುದು ಎಂಬ ಸವಲತ್ತುಗಳು ಚಾಲೂ ಇರುತ್ತವೆ. ಅವಕ್ಕೆ ಗೊತ್ತಿರುವುದು ಮನುಷ್ಯನ ಮಾತು ಮಾತ್ರ. ಜಿರಳೆಯ ಕಾಲು ಅವುಗಳ ಲೆಕ್ಕದಲ್ಲಿ ಕಸ. ಸೂಜಿ ಚುಚ್ಚುವ ಮೊದಲು ಅವೆರಡನ್ನೂ ಆಫ್ ಮಾಡಿರಬೇಕು.

ಇನ್ನು ಆ ಗುಂಯ್. ಭಾರತದಲ್ಲಿ ಕರೆಂಟು ಸೆಕೆಂಡಿಗೆ 50 ಸಲ ತಿರುಗಾಡುತ್ತದೆ, ಅಮೆರಿಕದಲ್ಲಿ 60. ಅಲ್ಲಿ ಬರೆದ ಸಾಫ್ಟ್‌ವೇರ್ ಹಾಕಿಕೊಂಡವರು ನಾಚ್ ಫಿಲ್ಟರಿನ ಅಂಕಿ 60 ಇದೆಯೇ ಎಂದು ಮೊದಲು ನೋಡಿ. ನಾಚ್ ಎಂದರೆ ಆ ಒಂದೇ ಕಂಪನವನ್ನು ಚಿವುಟಿ ತೆಗೆಯುವ ಫಿಲ್ಟರ್. ಕೆಎಸ್‌ಇಬಿಯ, ಅಂದರೆ ಕೇರಳ ವಿದ್ಯುತ್ ಮಂಡಳಿಯ, ಕರೆಂಟು ಇದ್ದಷ್ಟು ಹೊತ್ತು ಅದು ಒಂದು ಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ನಮ್ಮಲ್ಲಿ ಜೂನ್ ಹಿಡಿಯಿತೆಂದರೆ ಅಡಕೆ ಮರವೋ ಹಲಸಿನ ಗೆಲ್ಲೋ ಲೈನಿನ ಮೇಲೆ ಬಿದ್ದು ಇನ್ವರ್ಟರೇ ಗತಿ. ಅಗ್ಗದ ಇನ್ವರ್ಟರ್ ಹೊರಡಿಸುವುದು ನುಣುಪಾದ ಅಲೆಯಲ್ಲ, ಚೌಕದ ಅಲೆ. ಚೌಕದ ಅಲೆಯ ಹೊಟ್ಟೆಯಲ್ಲಿ 50ರ ಜೊತೆಗೆ 150, 250, 350 ಎಂದು ಬೆಸ ಗುಣಕಗಳೆಲ್ಲ ತುಂಬಿರುತ್ತವೆ. 50ನ್ನು ಚಿವುಟಿದರೂ ಉಳಿದವು ಮೇಲೇರಿ ಮಿಡಿತದ ಪಟ್ಟಿಗೇ ನುಗ್ಗುತ್ತವೆ. ಕಿವಿಗೂ ಇದು ಗೊತ್ತಾಗುತ್ತದೆ: ಲೈನ್ ಕರೆಂಟಿನ ಗುಂಯ್ ದಪ್ಪ, ಇನ್ವರ್ಟರಿನದ್ದು ಕರಕರ.

ಮದ್ದು ಸಾಫ್ಟ್‌ವೇರಿನಲ್ಲಿಲ್ಲ, ಮೇಜಿನ ಮೇಲಿದೆ. ಚಾರ್ಜರ್ ಕಳಚಿ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸುವುದು. ಆಂಪ್ಲಿಫೈಯರಿಗೆ 9 ವೋಲ್ಟಿನ ಬ್ಯಾಟರಿ. ಸೂಜಿಯ ತಂತಿಗಳನ್ನು ಗಿಡ್ಡ ಮಾಡಿ ಒಂದಕ್ಕೊಂದು ಹೊಸೆಯುವುದು. ರಟ್ಟಿನ ಪೆಟ್ಟಿಗೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಹಾಳೆಯನ್ನು ಆಂಪ್ಲಿಫೈಯರಿನ ಗ್ರೌಂಡಿಗೆ ಸೇರಿಸಿ, ಕಾಲನ್ನು ಅದರೊಳಗಿಡುವುದು. ಗ್ರೌಂಡುಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರಬೇಕು, ಎರಡು ಕಡೆ ಸೇರಿಸಿದರೆ ಆ ಬಳೆಯೇ ಆಂಟೆನಾ ಆಗುತ್ತದೆ. ಇಷ್ಟು ಮಾಡಿದರೆ ಉಳಿದದ್ದನ್ನು ಆಂಪ್ಲಿಫೈಯರ್ ನೋಡಿಕೊಳ್ಳುತ್ತದೆ. ಅದು ಅಳೆಯುವುದು ಎರಡು ಸೂಜಿಗಳ ನಡುವಿನ ವ್ಯತ್ಯಾಸವನ್ನು. ಎರಡಕ್ಕೂ ಸಮನಾಗಿ ಬಂದ ಗುಂಯ್ ಕಳೆಯುವಾಗ ಸೊನ್ನೆಯಾಗುತ್ತದೆ, ಒಂದರ ಹತ್ತಿರ ಹಾದ ಮಿಡಿತ ಉಳಿಯುತ್ತದೆ.

ಗಲಾಟೆ ಎಂದು ಎಲ್ಲವನ್ನೂ ದೂಡಿಬಿಡುವುದೂ ಸರಿಯಲ್ಲ. ಒಂದೊಂದೇ ನರತಂತುವಿನ ಮಿಡಿತವನ್ನು ಮೊತ್ತಮೊದಲು ದಾಖಲಿಸಿ 1932ರಲ್ಲಿ ನರವಿಜ್ಞಾನಿ ಶೆರಿಂಗ್ಟನ್ ಜೊತೆ ನೊಬೆಲ್ ಹಂಚಿಕೊಂಡ ಎಡ್ಗರ್ ಏಡ್ರಿಯನ್, ಕಪ್ಪೆಯ ಜಾತಿಯ ಟೋಡಿನ ಕಣ್ಣಿನ ನರಕ್ಕೆ ತಂತಿ ಜೋಡಿಸಿದ್ದ. ಕೋಣೆ ಬಹುಪಾಲು ಕತ್ತಲು, ಆದರೂ ಸ್ಪೀಕರಿನಿಂದ ಮತ್ತೆ ಮತ್ತೆ ಗಲಾಟೆ. ತಾನು ಕೋಣೆಯಲ್ಲಿ ಓಡಾಡುವುದನ್ನೇ ಆ ಕಣ್ಣು ನೋಡುತ್ತಿದೆ ಎಂದು ಅವನಿಗೆ ಹೊಳೆದದ್ದು ಆಮೇಲೆ.

ತಪ್ಪು ಫಿಲ್ಟರ್ ಬರೀ ಕಳೆಯುವುದಿಲ್ಲ, ಇಲ್ಲದ್ದನ್ನು ಹುಟ್ಟಿಸಲೂ ಬಲ್ಲದು. ಇದು ನಿಜಕ್ಕೂ ಹೆದರಿಕೆಯ ವಿಷಯ. ತಲೆಯ ಮೇಲೆ ತಂತಿ ಅಂಟಿಸಿ ಮಿದುಳಿನ ಅಲೆ ಬರೆಯುವ ಆಸ್ಪತ್ರೆಯ ಇಇಜಿಯಲ್ಲಿ ಹಣೆ, ದವಡೆಯ ಸ್ನಾಯುಗಳು ಬಿಗಿದಾಗ ದಟ್ಟ ಗೀರುಗಳು ಮೂಡುತ್ತವೆ. ನುರಿತವರಿಗೆ ನೋಡಿದ ಕೂಡಲೇ ಇದು ಸ್ನಾಯು ಎಂದು ಗೊತ್ತಾಗುತ್ತದೆ. ಚೊಕ್ಕ ಕಾಣಲೆಂದು ಲೋ-ಪಾಸನ್ನು 15 ಹರ್ಟ್ಸಿಗೆ ಇಳಿಸಿದರೆ ಆ ಗೀರುಗಳ ತುದಿ ಸವೆದು ಮಿದುಳಿನದೇ ಅಲೆಯಂತೆ, ಕೆಲವೊಮ್ಮೆ ಅಪಸ್ಮಾರದ ಗುರುತಾದ ಸ್ಪೈಕ್ ಎಂಬ ಚೂಪು ಅಲೆಯಂತೆ ಕಾಣುತ್ತವೆ. ಇತ್ತ ಹೈ-ಪಾಸನ್ನು ತೀರಾ ಮೇಲೇರಿಸಿದರೆ ರೋಗದ ಗುರುತಾದ ನಿಧಾನ ಅಲೆಯೇ ಅಳಿಸಿಹೋಗುತ್ತದೆ. ಹಾನ್ಸ್ ಬರ್ಗರ್ ಮನುಷ್ಯನ ಇಇಜಿಯನ್ನು 1929ರಲ್ಲಿ ಪ್ರಕಟಿಸಿದ ಮೇಲೆ ಬಹುಕಾಲ ಪೆನ್ನು ಕಾಗದದ ಮೇಲೆ ಬರೆದದ್ದೇ ಕೊನೆಯ ಮಾತಾಗಿತ್ತು. ಡಿಜಿಟಲ್ ಯಂತ್ರದಲ್ಲಿ ಹಸಿ ಸಂಕೇತ ಒಳಗೆ ಉಳಿದಿರುತ್ತದೆ, ಓದುವವರು ಫಿಲ್ಟರ್ ಬದಲಿಸಿ ಬದಲಿಸಿ ನೋಡಬಹುದು.

ನಮ್ಮ ಜಿಲ್ಲೆಯಲ್ಲಿ ನರಮಂಡಲದ ಮಾತು ಪುಸ್ತಕದ್ದಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ, ಎಣ್ಮಕಜೆ ಪಂಚಾಯತಿನ ಪಡ್ರೆಯ ಹೆಸರನ್ನು ದೇಶಕ್ಕೆಲ್ಲ ಕೇಳಿಸಿತು. ಆ ವಿಷ ಹಿಡಿಯುವುದು ಗಾಬಾ ಎಂಬ ರಾಸಾಯನಿಕ ತೆರೆಯುವ ಕ್ಲೋರೈಡ್ ಬಾಗಿಲನ್ನು. ನರಕೋಶಗಳಿಗೆ ಸಾಕು, ಸುಮ್ಮನಿರು ಎಂದು ಹೇಳುವ ಬಾಗಿಲದು. ಅದು ಮುಚ್ಚಿದರೆ ಕೋಶಗಳಿಗೆ ಲಗಾಮಿಲ್ಲ, ವಿಷ ಹೆಚ್ಚಾದಾಗ ಸೆಳವು ಬರುತ್ತದೆ. ಇಲ್ಲಿನ ಒಂದು ಮಗುವಿನ ಇಇಜಿಯಲ್ಲಿ ಕಂಡದ್ದು ಸ್ನಾಯುವೋ ಸ್ಪೈಕೋ ಎಂಬುದು ಆ ಮನೆಗೆ ಸಣ್ಣ ಪ್ರಶ್ನೆಯಲ್ಲ.

ಫಿಲ್ಟರುಗಳು ಸಮಯವನ್ನೂ ಕದಲಿಸುತ್ತವೆ. ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಓಡುವ ಫಿಲ್ಟರು ಸಂಕೇತವನ್ನು ತುಸು ತಡಮಾಡಿಸುತ್ತದೆ, ಬೇರೆ ಬೇರೆ ಕಂಪನಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ. ಆಮೇಲೆ ಕಡತದ ಮೇಲೆ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓಡಿಸಿದರೆ ತಡ ರದ್ದಾಗುತ್ತದೆ. ಆದರೆ ಮಿಡಿತದ ನೆರಳು ಅದರ ಮುಂಚಿನ ಕ್ಷಣಕ್ಕೂ ಚಾಚುತ್ತದೆ, ಕಡ್ಡಿ ತಾಗುವ ಮೊದಲೇ ನರ ಉತ್ತರ ಕೊಟ್ಟಂತೆ ಕಂಡೀತು. ಕಡ್ಡಿ ತಾಗಿದ ಕ್ಷಣವನ್ನು ಖಚಿತವಾಗಿ ತಿಳಿಯಲು ಕಡ್ಡಿಗೆ, ಒತ್ತಿದರೆ ವೋಲ್ಟೇಜು ಹೊರಡಿಸುವ ಒಂದು ಪೀಜೋ ತುಂಡು ಅಂಟಿಸಿ, ಅದರ ತಂತಿಯನ್ನು ಅದೇ ಪರಿವರ್ತಕದ ಎರಡನೇ ಚಾನೆಲಿಗೆ ಕೊಡಬೇಕು. ಎರಡಕ್ಕೂ ಒಂದೇ ಗಡಿಯಾರ, ಎರಡನ್ನೂ ಹಸಿಯಾಗಿಯೇ ಉಳಿಸುವುದು.

ಜಾಗ ಸಾಲದು ಎಂಬ ನೆಪ ನಮಗೆ ಅನ್ವಯಿಸದು. ಪ್ರಯೋಗಾಲಯಗಳಲ್ಲಿ ಮಿದುಳಿಗೆ ಇಳಿಸುವ 384 ಚಾನೆಲಿನ ನ್ಯೂರೋಪಿಕ್ಸೆಲ್ಸ್ ಸೂಜಿಯ ಮಿಡಿತಪಟ್ಟಿಯನ್ನು ಸೆಕೆಂಡಿಗೆ 30,000 ಸಲದಂತೆ, ಸಲಕ್ಕೆ ಎರಡು ಬೈಟಿನಲ್ಲಿ ಬರೆದರೆ ಗಂಟೆಗೆ 80 ಜಿಬಿ ದಾಟುತ್ತದೆ, ಅದನ್ನು ಬಳಸುವವರು ಯೋಚಿಸಲಿ. ಒಂದು ಚಾನೆಲಿಗೆ ಗಂಟೆಗೆ 216 ಎಂಬಿ, ಮದುವೆ ವಿಡಿಯೋ ತುಂಬಿದ ಪೆನ್‌ಡ್ರೈವಿನ ಮೂಲೆಯಲ್ಲೂ ಹಿಡಿಸುತ್ತದೆ. ಕಡತದ ಜೊತೆಗೆ ಒಂದು ಸಾದಾ ಪಠ್ಯದ ಹಾಳೆಯೂ ಇರಲಿ: ಆಂಪ್ಲಿಫೈಯರಿನ ಗೇನ್ ಎಷ್ಟು, ಅದರೊಳಗಿನ ಕೆಪಾಸಿಟರ್ ಯಾವ ಹರ್ಟ್ಸಿನ ಕೆಳಗೆ ತಡೆಯುತ್ತದೆ, ಸೆಕೆಂಡಿಗೆ ಎಷ್ಟು ಸಲ ಇಣುಕಿದೆವು, ಯಾವ ಚಾನೆಲಿಗೆ ಕಾಲು, ಯಾವುದಕ್ಕೆ ಕಡ್ಡಿ, ಆ ಹೊತ್ತಿಗೆ ಕರೆಂಟು ಲೈನಿನದ್ದೋ ಇನ್ವರ್ಟರಿನದ್ದೋ.