ಮೇಲ್ಮನವಿ ಬರೆಯುವ ಮೊದಲು ವಿದ್ಯಾರ್ಥಿ ಸಂಘಕ್ಕೆ ಬನ್ನಿ

ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಚುನಾವಣೆ, ಘೋಷಣೆ, ಉತ್ಸವ. ಸಂಘದ ಸಲಹಾ ವಿಭಾಗದಲ್ಲಿ ಕೆಲಸ ಮಾಡುವ ನನ್ನಂಥವರ ಮೇಜಿಗೆ ಬರುವುದೇ ಬೇರೆ: ಕೃತಿಚೌರ್ಯದ ಆರೋಪದ ನೋಟಿಸ್, ಕಾಯಿಲೆಯಿಂದ ತಪ್ಪಿಹೋದ ಪರೀಕ್ಷೆ, ಶುಲ್ಕ ಬಾಕಿಯೆಂದು ತಡೆಹಿಡಿದ ಫಲಿತಾಂಶ, ಮಾರ್ಗದರ್ಶಕರೊಂದಿಗೆ ಮಾತೇ ನಿಂತುಹೋದ ಸಂಶೋಧನಾ ವಿದ್ಯಾರ್ಥಿಯ ಅಳಲು.

ಇವರಲ್ಲಿ ಬಹಳ ಮಂದಿ ನಮ್ಮಲ್ಲಿಗೆ ಬರುವುದು ಮೇಲ್ಮನವಿ ತಿರಸ್ಕೃತವಾದ ಮೇಲೆ. ಓದಿ ನೋಡಿದರೆ ಅದರಲ್ಲಿ ಇರುವುದು ಒಂದೇ ಮಾತು, ‘ನನಗೆ ಇನ್ನೂ ಹೆಚ್ಚು ಅಂಕ ಬರಬೇಕಿತ್ತು.’ ಈ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಉತ್ತರದ ಗುಣಮಟ್ಟ ಅಳೆಯುವುದು ಅಧ್ಯಾಪಕರ ಶೈಕ್ಷಣಿಕ ತೀರ್ಮಾನ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿದ್ಯಾರ್ಥಿಗಳ ದೂರು ವಿಚಾರಿಸಲೆಂದೇ 2004ರ ಕಾನೂನಿನಡಿ ಒಂದು ಸ್ವತಂತ್ರ ವ್ಯವಸ್ಥೆ ಇದೆ. ಅದು ಕೂಡ ಈ ತೀರ್ಮಾನದಲ್ಲಿ ಕೈಹಾಕುವಂತಿಲ್ಲ. ನಿಲ್ಲುವ ಕಾರಣಗಳು ಬೇರೆ. ವಿಶ್ವವಿದ್ಯಾಲಯ ತನ್ನದೇ ನಿಯಮ ಪಾಲಿಸಿಲ್ಲ, ಪರೀಕ್ಷೆಯ ಹೊತ್ತಿನಲ್ಲಿ ಕಾಯಿಲೆಯೋ ಮನೆಯಲ್ಲಿ ಸಾವೋ ಆಗಿತ್ತು, ಇಲ್ಲವೇ ತೀರ್ಮಾನಿಸಿದವರು ಪಕ್ಷಪಾತ ಮಾಡಿದ್ದಾರೆ. ಯಾವುದನ್ನೇ ಹೇಳಿದರೂ ದಾಖಲೆ ಬೇಕು. ಆಗಲೇ ಯಾಕೆ ತಿಳಿಸಲಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೂ ಉತ್ತರ ಬೇಕು. ಪರೀಕ್ಷೆಯ ವಾರದಲ್ಲೇ ಬರೆದ ವೈದ್ಯರ ಚೀಟಿಗೆ ಇರುವ ಬಲ, ತಿಂಗಳುಗಳ ನಂತರ ‘ಆಗ ಹುಷಾರಿರಲಿಲ್ಲವಂತೆ’ ಎಂದು ಬರೆಸಿಕೊಂಡು ಬಂದ ಪತ್ರಕ್ಕೆ ಇರುವುದಿಲ್ಲ.

ಶಿಸ್ತು ಸಮಿತಿಯ ವಿಚಾರಣೆಗೆ ಸಂಘದವರನ್ನು ಜೊತೆಗೆ ಕರೆದೊಯ್ಯಲು ಹಲವು ವಿಶ್ವವಿದ್ಯಾಲಯಗಳ ನಿಯಮದಲ್ಲೇ ಅವಕಾಶವಿದೆ. ನಾವು ಅಲ್ಲಿ ವಕಾಲತ್ತು ಮಾಡುವುದಿಲ್ಲ, ವಿದ್ಯಾರ್ಥಿಯ ಪರವಾಗಿ ಸುಳ್ಳನ್ನೂ ಹೇಳುವುದಿಲ್ಲ. ತಪ್ಪಾಗಿದ್ದರೆ ಒಪ್ಪಿಕೊಂಡು, ಅದು ಆದ ಸಂದರ್ಭವನ್ನು ಸಮಿತಿಯ ಮುಂದಿಡಲು ಹೇಳುತ್ತೇವೆ. ಘಟನೆಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಡುತ್ತೇವೆ. ಹೆದರಿ ಮಾತು ತಡವರಿಸಿದರೆ ಸ್ವಲ್ಪ ಬಿಡುವು ಕೇಳುತ್ತೇವೆ. ಐದಾರು ಹಿರಿಯರ ಎದುರು ಒಬ್ಬ ಹದಿಹರೆಯದವರು ಒಂಟಿಯಾಗಿ ಕೂರುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಈ ಕೆಲಸ ನಡೆಯುವುದು ಸಂಘ ಸ್ವತಂತ್ರವಾಗಿದ್ದರೆ ಮಾತ್ರ. ನಿಮ್ಮ ಮೇಲೆ ಆರೋಪ ಹೊರಿಸಿದ ವಿಭಾಗಕ್ಕೆ ಸಲಹೆಗಾರರು ಉತ್ತರ ಕೊಡಬೇಕಾಗಿರಬಾರದು. ಯಾರ ಜೀವಕ್ಕಾದರೂ ಅಪಾಯವಿದೆ ಎನ್ನುವಂಥ ಸಂದರ್ಭ ಬಿಟ್ಟರೆ ನೀವು ಹೇಳಿದ್ದು ಹೊರಗೆ ಹೋಗಬಾರದು. ಆದರೆ ಎಷ್ಟೋ ಕಡೆ ಸಂಘಕ್ಕೆ ಹಣ ಬರುವುದು ವಿಶ್ವವಿದ್ಯಾಲಯದಿಂದಲೇ. ಹಾಗಾಗಿ ಕಟ್ಟುಪಾಡುಗಳು ಬರಹದಲ್ಲಿರಬೇಕು. ಬ್ರಿಟನ್ನಿನ 1994ರ ಶಿಕ್ಷಣ ಕಾಯ್ದೆಯ ಪ್ರಕಾರ ಸಂಘದ ಪ್ರಮುಖ ಪದಾಧಿಕಾರಿಗಳ ಆಯ್ಕೆ ಗುಪ್ತ ಮತದಾನದಿಂದ ಆಗಬೇಕು, ಸಂಬಳವಿರುವ ಚುನಾಯಿತ ಹುದ್ದೆಯಲ್ಲಿ ಯಾರೂ ಒಟ್ಟು ಎರಡು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ, ಸದಸ್ಯತ್ವ ಬೇಡವೆನ್ನುವ ಹಕ್ಕು ವಿದ್ಯಾರ್ಥಿಗೆ ಇದೆ. ಹಣ ನಿಂತರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ ಕಂಡಿದೆ. 2005ರ ಕಾನೂನು ಕಡ್ಡಾಯ ಶುಲ್ಕವನ್ನು ತೆಗೆದುಹಾಕಿತು. ಹಲವು ಕ್ಯಾಂಪಸ್‌ಗಳಲ್ಲಿ ಸೇವೆಗಳು ಸೊರಗಿದವು. 2011ರಲ್ಲಿ ಮತ್ತೊಂದು ಕಾನೂನು ತಂದು ಸೇವಾ ಶುಲ್ಕಕ್ಕೆ ಅವಕಾಶ ಕೊಡಬೇಕಾಯಿತು.

ಕ್ಲಬ್ಬುಗಳು, ಕ್ರೀಡೆ, ಚರ್ಚಾಕೂಟ ಇವುಗಳ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ, ಅವು ಎದ್ದು ಕಾಣುತ್ತವೆ. ಕಾಣದೆ ಉಳಿಯುವುದು ಸಲಹಾ ವಿಭಾಗಕ್ಕೂ ಚುನಾಯಿತ ಪ್ರತಿನಿಧಿಗಳಿಗೂ ನಡುವಿನ ನಂಟು. ಒಂದೇ ವಿಭಾಗದ ಹಲವರು ‘ಮೊದಲ ಪ್ರಬಂಧದ ತಪ್ಪುಗಳನ್ನು ತಿಳಿಸುವ ಮೊದಲೇ ಎರಡನೆಯದನ್ನು ಕೇಳಿದರು’ ಎಂದು ದೂರಿದರೆ, ಅದು ಒಬ್ಬೊಬ್ಬರ ಸಮಸ್ಯೆಯಾಗಿ ಉಳಿಯುವುದಿಲ್ಲ. ಹೆಸರುಗಳನ್ನು ತೆಗೆದು ವಿಷಯವನ್ನಷ್ಟೇ ಪ್ರತಿನಿಧಿಗಳಿಗೆ ಕೊಡುತ್ತೇವೆ. ಅವರು ಅದನ್ನು ಶೈಕ್ಷಣಿಕ ಸಮಿತಿಯಲ್ಲಿ ಎತ್ತಿ ವೇಳಾಪಟ್ಟಿ ಬದಲಿಸಲು ಒತ್ತಾಯಿಸುತ್ತಾರೆ. ಮುಂದಿನ ವರ್ಷದವರಿಗೆ ಆ ತೊಂದರೆ ಇತ್ತೆಂದೇ ಗೊತ್ತಾಗದಿದ್ದರೆ ನಮ್ಮ ಕೆಲಸ ಸರಿಯಾಗಿ ಆಗಿದೆ ಎಂದರ್ಥ. ಪ್ರಚಾರಸಭೆಯಲ್ಲಿ ಅಬ್ಬರಿಸುವವರಿಗಿಂತ, ಸಮಿತಿಯ ಕಾಗದಪತ್ರ ಓದಿಕೊಂಡು ಬರುವ ಪ್ರತಿನಿಧಿಗೆ ಮತ ಕೊಡಿ ಎಂದು ನಾನು ಹೇಳುವುದು ಇದಕ್ಕೇ.

ಬರುವಾಗ ನೋಟಿಸ್ ತನ್ನಿ, ಅದು ಕೈಸೇರಿದ ದಿನಾಂಕ ಬರೆದಿಡಿ, ವಿಭಾಗದವರೊಂದಿಗಿನ ಇಮೇಲ್‌ಗಳನ್ನು ಅಳಿಸಬೇಡಿ. ಮೇಲ್ಮನವಿಗೆ ಸಿಗುವ ಕಾಲಾವಕಾಶ ಎಷ್ಟೋ ಕಡೆ ಕೆಲವೇ ವಾರ, ಕೆಲವೆಡೆ ಅದಕ್ಕೂ ಕಡಿಮೆ. ಗಡುವು ನಾಳೆಯೇ ಇದ್ದರೆ ಎಲ್ಲ ದಾಖಲೆ ಸಿಗಲಿ ಎಂದು ಕಾಯಬೇಡಿ. ಇದ್ದಷ್ಟನ್ನು ಸೇರಿಸಿ ಅರ್ಜಿ ಸಲ್ಲಿಸಿ, ಉಳಿದವು ಯಾವುವು, ಯಾವಾಗ ಕೊಡುತ್ತೀರಿ ಎಂಬುದನ್ನು ಅದರಲ್ಲೇ ನಮೂದಿಸಿ.