ಬೀದರಿನಲ್ಲಿ ಮಹಡಿ ಏರುತ್ತಿದೆ, ಬಾವಿ ಇಳಿಯುತ್ತಿದೆ: ಈ ತಕರಾರಿನ ಹಿಂದಿನ ಕಥೆ

ದೀಪಾವಳಿ ಮುಗಿದು ಎರಡು ವಾರ ಆಗಿತ್ತು. ನಮ್ಮ ಓಣಿಯ ತುದಿಯಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಪಾಯ ತೋಡುತ್ತಿದ್ದರು. ಕೆಳಗೆ ಪಾರ್ಕಿಂಗ್, ಮೇಲೆ ಏಳು ಮಹಡಿ ಅಂತ ಸುದ್ದಿ. ಹೋಗಿ ನೋಡಿದೆ. ಹದಿನೈದು ಅಡಿ ಆಳದ ಗುಂಡಿ, ನಾಲ್ಕೂ ಕಡೆ ಕೆಂಪು ಕಲ್ಲಿನ ಗೋಡೆ. ಆ ಗೋಡೆಯ ತೂತು ತೂತಿನಿಂದ ನೀರು ಬೆವರಿನ ಹಾಗೆ ಜಿನುಗಿ, ಸಣ್ಣ ಸಣ್ಣ ಧಾರೆಯಾಗಿ ಇಳಿದು, ತಳದಲ್ಲಿ ಮೊಣಕಾಲುದ್ದ ನಿಂತಿತ್ತು. ಮೂಲೆಯಲ್ಲಿ ಡೀಸೆಲ್ ಪಂಪು. ಪೈಪಿನ ಇನ್ನೊಂದು ತುದಿ ರಸ್ತೆ ಬದಿಯ ಮೋರಿಯಲ್ಲಿ. ಹಗಲೂ ರಾತ್ರಿ ಅದೇ ಕೆಲಸ.

ಪಕ್ಕದ ಮನೆಯ ಆಯಿ ಕಟ್ಟೆ ಮೇಲೆ ನಿಂತು ನೋಡುತ್ತಿದ್ದರು. "ಅದು ನಮ್ಮ ಬಾವಿ ನೀರೇ ಅದ ನೋಡ್ರಿ, ಈ ಕಡೆ ಇಳೀಲತ್ತದ, ಆ ಕಡೆ ಮೋರಿಗೆ ಹೊಂಟದ" ಅಂದರು. ಅವರ ಬಾವಿ ಯಾವ ವರ್ಷವೂ ಯುಗಾದಿವರೆಗೆ ಕೈಕೊಟ್ಟಿರಲಿಲ್ಲ. ಈ ಸಲ ಶಿವರಾತ್ರಿಗೇ ತಳ ಕಂಡಿತು. ಆ ಪಂಪಿನಿಂದಲೇ ಬತ್ತಿತು ಅಂತ ಸಾಬೀತು ಮಾಡುವುದಕ್ಕೆ ನಮ್ಮ ಹತ್ತಿರ ಯಾವ ಅಳತೆಯೂ ಇಲ್ಲ. ಬಿಲ್ಡರ್ ಹತ್ತಿರವೂ ಇಲ್ಲ. ಪರವಾನಗಿ ಕೊಟ್ಟವರು ಕೇಳಿಯೂ ಇಲ್ಲ. ನನ್ನ ಸಿಟ್ಟು ಇರುವುದು ಅಲ್ಲೇ.

ಎತ್ತರದ ಕಟ್ಟಡ ಅಂದ ಕೂಡಲೇ ಜನ ಗಾಳಿ, ಬೆಳಕು, ಪಾರ್ಕಿಂಗ್ ಬಗ್ಗೆ ಮಾತಾಡುತ್ತಾರೆ. ಅವೆಲ್ಲ ಇದ್ದದ್ದೇ. ಬೀದರಿನ ಮಟ್ಟಿಗೆ ತಕರಾರು ಇನ್ನೂ ಕೆಳಗಿನದು, ನೆಲದಡಿಯದು. ಅದನ್ನು ತಿಳಿಯಬೇಕಾದರೆ ಈ ಊರು ಯಾವುದರ ಮೇಲೆ ಕೂತಿದೆ ಅಂತ ಮೊದಲು ನೋಡಬೇಕು.

ಬೀದರ್ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದ ಒಂದು ದಿಬ್ಬದ ಅಂಚಿನಲ್ಲಿದೆ. ಮೇಲಿನ ಪದರ ಕೆಂಪು ಜಂಬಿಟ್ಟಿಗೆ ಕಲ್ಲು. ಜೇನುಗೂಡಿನ ಹಾಗೆ ತೂತು ತೂತು. ಮಳೆ ಬಿದ್ದರೆ ಸ್ಪಂಜಿನಂತೆ ಕುಡಿಯುತ್ತದೆ. ಅದರ ಕೆಳಗೆ ಗಟ್ಟಿ ಕಪ್ಪು ಕಲ್ಲು, ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಕುಡಿದ ನೀರು ಎರಡರ ನಡುವೆ ನಿಂತು, ನಿಧಾನವಾಗಿ ಅಂಚಿನ ಕಡೆ ಸರಿದು, ಅಲ್ಲಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುತ್ತೀವಲ್ಲ, ಆ ಗುಹೆ ಇದೇ ಕೆಂಪು ಕಲ್ಲಿನದು. ಗುರುನಾನಕ್ ಝೀರಾದ ನೀರೂ ಇದೇ ದಿಬ್ಬದ್ದು. ಕುಡಿಯುವ ನೀರಿಲ್ಲ ಅಂತ ಜನ ಕಷ್ಟ ಹೇಳಿಕೊಂಡಾಗ ಗುರುಗಳು ಪಾದದಿಂದ ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಅಂತ ನಂಬಿಕೆ. ನೀರಿಗಾಗಿ ಕಾದ ಊರಿನ ನೆನಪು ಆ ಕಥೆಯೊಳಗಿದೆ.

15ನೇ ಶತಮಾನದ ಮೊದಲ ಭಾಗದಲ್ಲಿ ಬಹಮನಿ ದೊರೆ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಕೋಟೆ, ಸೈನ್ಯ, ಪೇಟೆ, ಕುದುರೆ, ತೋಟ, ಎಲ್ಲಕ್ಕೂ ನೀರು ಬೇಕು. ದಿಬ್ಬದ ಮೇಲೆ ನದಿ ಇಲ್ಲ. ಆಗ ಪರ್ಷಿಯಾದಿಂದ ಬಂದ ತಿಳಿವಳಿಕೆ ಕೈಹಿಡಿಯಿತು. ಅದೇ ಕರೇಜ್. ನಾವು ಸುರಂಗ ಬಾವಿ ಅನ್ನುತ್ತೇವೆ. ನೀರಿರುವ ಜಾಗದಲ್ಲಿ ಒಂದು ತಾಯಿಬಾವಿ ತೋಡಿ, ಅಲ್ಲಿಂದ ತುಸುವೇ ಇಳಿಜಾರಾಗಿ ನೆಲದಡಿಯಲ್ಲಿ ಸುರಂಗ ಕೊರೆದು, ದಾರಿಯುದ್ದಕ್ಕೂ ನೆಟ್ಟಗೆ ಮೇಲೆ ಬರುವ ಕಿಂಡಿಗಳನ್ನು ಬಿಟ್ಟರು. ಅಗೆದ ಮಣ್ಣು ತೆಗೆಯುವುದಕ್ಕೂ, ಗಾಳಿಗೂ, ಮುಂದೆ ಹೂಳು ತೆಗೆಯುವುದಕ್ಕೂ ಅದೇ ಕಿಂಡಿ. ಪಂಪು ಬೇಡ, ಎತ್ತು ಬೇಡ, ನೀರು ತನ್ನ ಪಾಡಿಗೆ ತಾನು ಹರಿಯುತ್ತದೆ. ನೌಬಾದಿನ ಸುರಂಗ ಬಾವಿ ಎರಡು ಕಿಲೋಮೀಟರಿಗೂ ಉದ್ದ, ಇಪ್ಪತ್ತಕ್ಕೂ ಹೆಚ್ಚು ಕಿಂಡಿಗಳು. ಶುಕ್ಲತೀರ್ಥದ್ದು ಬೇರೆ. ಹಳೇ ಊರಿನ ಓಣಿಗಳ ಕೆಳಗಿನ ಜಮ್ನಾ ಮೋರಿ ಅನ್ನುವ ನೀರಿನ ಸುರಂಗ ಬೇರೆ.

ಒಮ್ಮೆ ನೌಬಾದಿಗೆ ಹೋಗಿ ಆ ಕಿಂಡಿಯ ಬಾಯಿ ಹತ್ತಿರ ನಿಲ್ಲಿ. ಸುತ್ತ ಪ್ಲಾಟಿನ ಗುರುತುಕಲ್ಲುಗಳು. ಸಣ್ಣ ಕಲ್ಲು ಹಾಕಿದರೆ ಒಂದು ಕ್ಷಣ ಬಿಟ್ಟು ಕೆಳಗಿನಿಂದ "ಡುಳುಕ್" ಅಂತ ಕೇಳುತ್ತದೆ. ನಾನು ಹೋದಾಗ ಒಂದರಲ್ಲಿ ಹಾಗೆ ಕೇಳಿತು. ಇನ್ನೊಂದರಲ್ಲಿ ಕಲ್ಲು ಪ್ಲಾಸ್ಟಿಕ್ ಚೀಲಗಳ ಮೇಲೆ ಬಿದ್ದು ಸದ್ದೇ ಬರಲಿಲ್ಲ.

ಇನ್ನು ಎತ್ತರದ ವಿಷಯಕ್ಕೆ ಬರೋಣ. ಶತಮಾನಗಳ ಕಾಲ ಈ ಊರಿನ ಪೇಟೆಯಲ್ಲಿ ತಲೆ ಎತ್ತಿ ನೋಡಬೇಕಾದದ್ದು ಚೌಬಾರ, ಹಳೇ ಊರಿನ ನಡುವಿನ ಕಾವಲು ಗೋಪುರ. ಅದರ ಎತ್ತರ 71 ಅಡಿ. ಹತ್ತತ್ತು ಅಡಿಯ ಮಹಡಿ ಲೆಕ್ಕ ಹಿಡಿದರೆ ಈಗಿನ ಏಳು ಮಹಡಿ. ಅಂದರೆ ನಮ್ಮ ಓಣಿಯ ಕಟ್ಟಡ ಮುಗಿದರೆ ಹೆಚ್ಚುಕಡಿಮೆ ಚೌಬಾರದಷ್ಟೇ ಎತ್ತರ ಆಗುತ್ತದೆ.

ಹಳೇ ಊರಿನಲ್ಲಿ ಇದು ಆಗದಂತೆ ತಡೆದದ್ದು ಸ್ಮಾರಕಗಳ ಕಾನೂನು. 1958ರ ಕಾಯ್ದೆ ಇತ್ತು. ಅದರಡಿ 1992ರ ಜೂನ್‌ನಲ್ಲಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಣ ಅಂತ ಆದೇಶ ಬಂತು. 2010ರ ತಿದ್ದುಪಡಿಯಲ್ಲಿ ಅದು ಕಾಯ್ದೆಯೊಳಗೇ ಸೇರಿ ಬಿಗಿಯಾಯಿತು. ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಗುಂಬಜ್‌ಗಳು ಇರುವ ಊರಿಗೆ ಇದು ಸಣ್ಣ ಮಾತಲ್ಲ. ಹಳೇ ಊರಿನವರಿಗೆ ತಮ್ಮದೇ ಮನೆ ಮೇಲೆ ಒಂದು ಕೋಣೆ ಹಾಕಿಸುವುದೂ ಕಷ್ಟವಾಯಿತು. ಅವರ ನೋವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮಿನಾರುಗಳ ಸುತ್ತ ಆಕಾಶ ಉಳಿದಿದ್ದು ಆ ಗೆರೆಯಿಂದಲೇ.

ಒಳಗೆ ಕಟ್ಟುವುದಕ್ಕೆ ಆಗದ್ದು ಹೊರಗೆ ಹೋಯಿತು. ಮೈಲೂರು, ಚಿದ್ರಿ, ಗುಂಪಾ, ಶಿವನಗರ, ನೌಬಾದ್ ಎಲ್ಲ ಬೆಳೆದವು. ಹೊಲಗಳು ಎನ್‌ಎ, ಅಂದರೆ ಕೃಷಿಯೇತರ ಜಮೀನು ಆದವು, ಲೇಔಟ್ ಬಿದ್ದವು, ಗುಂಟೆ ರೇಟು ಏರಿತು. ರೇಟು ಏರಿದ ಮೇಲೆ ಮಹಡಿ ಏರಲೇಬೇಕು, ಇಲ್ಲದಿದ್ದರೆ ಬಿಲ್ಡರಿಗೆ ಗಿಟ್ಟುವುದಿಲ್ಲ. ಜನಕ್ಕೂ ಮನೆ ಬೇಕು. ಹಳ್ಳಿಯಿಂದ ಮಕ್ಕಳ ಓದಿಗಾಗಿ ಬಂದವರು, ನಿವೃತ್ತರಾದವರು, ಲಿಫ್ಟ್ ಇರುವ ಫ್ಲಾಟೇ ಸಲೀಸು ಅನ್ನುವ ವಯಸ್ಸಾದವರು, ಇವರ್‍ಯಾರೂ ತಪ್ಪು ಮಾಡುತ್ತಿಲ್ಲ.

ತಪ್ಪು ಇರುವುದು ನಾವು ಏನನ್ನು ಅಳೆಯುತ್ತೇವೆ ಅನ್ನುವುದರಲ್ಲಿ. ರಸ್ತೆ ಎಷ್ಟು ಅಗಲ, ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ, ಪಾರ್ಕಿಂಗ್ ಎಲ್ಲಿ, ಬೆಂಕಿ ಸುರಕ್ಷತೆಗೆ ಏನು ಮಾಡಿದ್ದೀರಿ, ಇವೆಲ್ಲ ಕಡತದಲ್ಲಿ ಇರುತ್ತವೆ. ಪಾಯ ಎಷ್ಟು ನೀರನ್ನು ಕತ್ತರಿಸುತ್ತದೆ, ಕೆಳಗೆ ಸುರಂಗ ಇದೆಯೋ ಇಲ್ಲವೋ ಅಂತ ಬರೆಯುವ ಸಾಲು ನಾನು ನೋಡಿದ ಕಡತದಲ್ಲಿ ಇರಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ನಲವತ್ತು ಫ್ಲಾಟು, ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ್ದೇ ಮಾನದಂಡ. ದಿನಕ್ಕೆ 27 ಸಾವಿರ ಲೀಟರ್ ಆಯಿತು. ಬೀದರಿನ ಮಳೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್. ಒಂದು 30-40 ಸೈಟಿನ ಮೇಲೆ ವರ್ಷವಿಡೀ ಬೀಳುವ ಮಳೆಯನ್ನೆಲ್ಲ ಹಿಡಿದರೂ ಹತ್ತಿರ ಹತ್ತಿರ 95 ಸಾವಿರ ಲೀಟರ್. ಆ ಕಟ್ಟಡದವರಿಗೆ ಅದು ನಾಲ್ಕು ದಿನಕ್ಕೂ ಸಾಲುವುದಿಲ್ಲ. ನಳದ ನೀರು ಕಡಿಮೆ ಬಿದ್ದರೆ ಬೋರ್, ಬೋರ್ ಹೋದರೆ ಇನ್ನೂ ಆಳದ ಬೋರ್. ನೀರು ಕುಡಿಯುತ್ತಿದ್ದ ನೆಲಕ್ಕೆ ಕಾಂಕ್ರೀಟ್ ಮುಚ್ಚಿದ್ದು ಬೇರೆ.

ಇದು ಯಾರಿಗೂ ಗೊತ್ತಿರದ ಸಂಗತಿ ಏನಲ್ಲ. 2014ರಲ್ಲಿ ಹಳೇ ಸ್ಮಾರಕಗಳ ರಕ್ಷಣೆಗೆ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್, ಅಪಾಯದಲ್ಲಿರುವ ತಾಣಗಳ ತನ್ನ ಗಮನಪಟ್ಟಿಗೆ ಬೀದರ್ ಪಟ್ಟಣವನ್ನು ಸೇರಿಸಿತ್ತು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನೌಬಾದಿನ ಸುರಂಗದ ಹೂಳು ತೆಗೆಯುವ ಕೆಲಸವೂ ನಡೆಯಿತು. 2016ರ ಬರ ಯಾರಿಗೆ ನೆನಪಿಲ್ಲ? ಪಕ್ಕದ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ತಂದರು. ಆಗ ನಮ್ಮ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಹಳೇ ಬಾವಿ, ಕೆರೆಗಳ ಹೂಳೆತ್ತಿಸಿದರು. ಜನ ಸಲಿಕೆ ಹಿಡಿದು ಬಂದರು. ಆಮೇಲೆ ಒಳ್ಳೆ ಮಳೆ ಆಯಿತು, ಮರೆತೆವು.

ಕಡಲ ತೀರದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಅಲ್ಲೂ ಬಹುಮಹಡಿ ಕಟ್ಟಡಗಳು ದಡಕ್ಕೆ ನುಗ್ಗಿದವು. ಜನ, ಮೀನುಗಾರರು ಕೂಗಾಡಿದರು. ಅವರಿಗೆ ಕೈಯಲ್ಲಿ ಹಿಡಿಯುವುದಕ್ಕೆ ಒಂದು ಗೆರೆ ಇತ್ತು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಸಮುದ್ರದ ಉಬ್ಬರ ತಲುಪುವ ಗೆರೆಯಿಂದ 500 ಮೀಟರಿನವರೆಗೆ ನಿಯಮ ಹಾಕಿತು. 2011ರಲ್ಲಿ ಬದಲಾಯಿತು. 2019ರಲ್ಲಿ ಸಾಕಷ್ಟು ಸಡಿಲವೂ ಆಯಿತು, ಅದು ನನಗೆ ಸರಿ ಕಾಣುವುದಿಲ್ಲ. ಆದರೂ ಗೆರೆ ಗೆರೆಯೇ. ಕೊಚ್ಚಿಯ ಮರಡಿನಲ್ಲಿ ಆ ನಿಯಮ ಮೀರಿದ ನಾಲ್ಕು ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಕೆಡವಿದರು. ದುಡ್ಡು ಕೊಟ್ಟು ಕೊಂಡು ಸಂಸಾರ ಹೂಡಿದ್ದ ಜನ ತಮ್ಮ ಮನೆ ಪುಡಿಯಾಗಿ ಬೀಳುವುದನ್ನು ನೋಡಿದರು. ಪರವಾನಗಿ ಕೊಡುವ ದಿನವೇ ಯಾರಾದರೂ ನಕ್ಷೆಯ ಮೇಲೆ ಆ ಗೆರೆ ನೋಡಿದ್ದರೆ ಅಷ್ಟು ಕುಟುಂಬಗಳಿಗೆ ಆ ಗತಿ ಬರುತ್ತಿರಲಿಲ್ಲ ಅಲ್ವಾ?

ನಮ್ಮ ಓಣಿಯವರು ಕಚೇರಿಗೆ ಬರೆದ ಅರ್ಜಿಯಲ್ಲಿ ಕಟ್ಟಡ ಬೇಡ ಅಂತ ಎಲ್ಲೂ ಬರೆದಿಲ್ಲ. ಸುರಂಗ ಬಾವಿಗಳ ದಾರಿಯನ್ನೂ ಕಿಂಡಿಗಳನ್ನೂ ಊರಿನ ನಕ್ಷೆಯ ಮೇಲೆ ಗುರುತು ಮಾಡಿ, ಅದರ ಎರಡೂ ಬದಿಗೆ ಇಷ್ಟು ಮೀಟರ್ ಪಾಯ ತೋಡಬಾರದು ಅಂತ ಬರೆಯಿರಿ ಅಂತ ಕೇಳಿದ್ದೇವೆ. ಪಾಯದಿಂದ ಎತ್ತಿದ ನೀರನ್ನು ಮೋರಿಗೆ ಬಿಡಬೇಡಿ, ಹತ್ತಿರದಲ್ಲೇ ಇಂಗುಗುಂಡಿ ಮಾಡಿ ಅದೇ ಕೆಂಪು ಕಲ್ಲಿಗೆ ವಾಪಸ್ ಕೊಡಿ. ಕೆಲಸ ಶುರುವಾಗುವ ಮೊದಲು ಸುತ್ತಲಿನ ಬಾವಿಗಳ ನೀರಿನ ಮಟ್ಟ ಅಳೆದು ಬರೆದಿಡಿ. ಆಯಿ ಹೆಬ್ಬೆಟ್ಟು ಒತ್ತಿದ್ದಾರೆ, ನಾನು ಸಹಿ ಹಾಕಿದ್ದೇನೆ, ಒಟ್ಟು ಮೂವತ್ತೊಂದು ಮನೆಯವರು. ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿ ಕೊಟ್ಟರು. ಉತ್ತರ ಬಂದಿಲ್ಲ. ಕಟ್ಟಡ ಮೂರನೇ ಸ್ಲ್ಯಾಬಿಗೆ ಬಂದಿದೆ. ನಾವೇ ಒಂದು ಹಗ್ಗಕ್ಕೆ ಗಂಟು ಹಾಕಿ, ಪ್ರತಿ ಭಾನುವಾರ ಓಣಿಯ ಏಳು ಬಾವಿಗಳ ನೀರು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವುದಕ್ಕೆ ಶುರು ಮಾಡಿದ್ದೇವೆ.